ಪಾರುಪತ್ಯಗಾರನ ಮಗ

ನವೆಂಬರ್ 2ರ ಬೆಳಗಿನ ಜಾವ, ಐದೂವರೆ ಗಂಟೆ. ಫ್ರಾನ್ಸಿನ ನಟ್ಟನಡುವಿನ ಒಂದು ಹಳ್ಳಿ, ಅಲ್ಲೊಂದು ಪುಟ್ಟ ಹೋಟೆಲು. ಥಂಡಿ ಹಿಡಿದ ಕೋಣೆಯಲ್ಲಿ ದೊಡ್ಡ ಮೈಕಟ್ಟಿನ ಗಂಡಸೊಬ್ಬ ಏಳಲು ಮನಸ್ಸಿಲ್ಲದೆ ಹೊದಿಕೆ ಎಳೆದುಕೊಂಡು ಮಲಗಿದ್ದಾನೆ. ಚರ್ಚಿನ ಗಂಟೆ ಕೇಳಿಸುತ್ತದೆ. ಆ ಗಂಟೆಯ ದನಿ ಅವನಿಗೆ ಗುರುತು. ಒಂದು ಕಾಲದಲ್ಲಿ ಇದೇ ದನಿಗೆ ಎದ್ದು, ಇದೇ ಚಳಿಯಲ್ಲಿ ಓಡಿ, ಇದೇ ಚರ್ಚಿನಲ್ಲಿ ಪಾದ್ರಿಗಳ ಪಕ್ಕ ನಿಂತು ಪೂಜೆಗೆ ನೆರವಾಗುತ್ತಿದ್ದ ಹುಡುಗ ಅವನು. ಈಗ ಅವನಿಗೆ 42 ವರ್ಷ. ಪ್ಯಾರಿಸ್ಸಿನ ಪೊಲೀಸ್ ಇಲಾಖೆಯಲ್ಲಿ ಕಮಿಸೇರ್. ಹೆಸರು ಮೇಗ್ರೆ.

ಜಾರ್ಜ್ ಸಿಮೆನೋನ್ ಫ್ರೆಂಚ್‌ನಲ್ಲಿ ಬರೆದ ಮೇಗ್ರೆ ಕಾದಂಬರಿಗಳು 75, ಸಣ್ಣ ಕತೆಗಳು 28. 1931ರಲ್ಲಿ ಪುಸ್ತಕವಾಗಿ ಬರತೊಡಗಿದ ಸರಣಿ 1972ರವರೆಗೆ, ನಲವತ್ತೊಂದು ವರ್ಷ ನಡೆಯಿತು. ಅಷ್ಟರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ನಾನು ಇಟ್ಟುಕೊಳ್ಳುವುದು 1932ರಲ್ಲಿ ಬಂದ ‘ಲಫೇರ್ ಸಾಂ-ಫಿಯಾಕ್ರ್’ ಕಾದಂಬರಿಯನ್ನು. ಸಾಂ-ಫಿಯಾಕ್ರ್ ಎಂಬುದು ಆ ಹಳ್ಳಿಯ ಹೆಸರು. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಹಳೆಯ ಒಂದು ಇಂಗ್ಲಿಷ್ ಅನುವಾದಕ್ಕೆ ‘ಮೇಗ್ರೆ ಗೋಸ್ ಹೋಮ್’ ಎಂದು ಹೆಸರಿಟ್ಟಿದ್ದರು. ಮೂಲದ ಹೆಸರಿಗಿಂತ ಅದೇ ಕತೆಯ ಒಳಗುಟ್ಟನ್ನು ಹೆಚ್ಚು ಹೇಳುತ್ತದೆ: ಮೇಗ್ರೆ ಊರಿಗೆ ಹೋದ.

ಅವನು ಬಂದದ್ದಕ್ಕೆ ಕಾರಣ ಒಂದು ಚೀಟಿ. ಸಾಂ-ಫಿಯಾಕ್ರ್ ಚರ್ಚಿನಲ್ಲಿ ಸತ್ತವರ ಹಬ್ಬದ ದಿನ, ಬೆಳಗಿನ ಮೊದಲ ಪೂಜೆಯ ಹೊತ್ತಿಗೆ ಒಂದು ಅಪರಾಧ ನಡೆಯುತ್ತದೆ ಎಂದು ಅದರಲ್ಲಿ ಯಾರೋ ಬರೆದಿದ್ದರು. ಚೀಟಿ ಬಂದದ್ದು ಹತ್ತಿರದ ಪಟ್ಟಣವಾದ ಮೂಲಾಂನ ಪೊಲೀಸರಿಗೆ. ಅವರು ಅದನ್ನು ‘ಅವಗಾಹನೆಗೆ’ ಎಂದು ಪ್ಯಾರಿಸ್ಸಿಗೆ ದಾಟಿಸಿದರು. ಪ್ಯಾರಿಸ್ಸಿನಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಯಾರೋ ತಲೆಕೆಟ್ಟವರು ಬರೆದದ್ದು ಎಂದು ಅದು ಕಡತದಲ್ಲೇ ಮಲಗಬಹುದಿತ್ತು. ಆದರೆ ಒಬ್ಬನ ಕಣ್ಣು ಆ ಊರಿನ ಹೆಸರಿನ ಮೇಲೆ ನಿಂತಿತು. ಪ್ಯಾರಿಸ್ಸಿನ ಇಡೀ ಪೊಲೀಸ್ ಕಚೇರಿಯಲ್ಲಿ ಸಾಂ-ಫಿಯಾಕ್ರ್ ಎಂಬುದು ಒಂದು ನಿಜವಾದ ಊರು, ಅಲ್ಲಿ ಕೆರೆಯಿದೆ, ಅರಮನೆಯಂಥ ಮನೆಯಿದೆ, ಸಣ್ಣ ಚರ್ಚಿದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಬೆಳೆದವರಿಗೆ ನವೆಂಬರ್ 2ರ ಮಹತ್ವ ಹೇಳಬೇಕಾಗಿಲ್ಲ. ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ, ಹೂವಿಟ್ಟು, ತೀರಿಹೋದವರಿಗಾಗಿ ಪ್ರಾರ್ಥಿಸುವ ದಿನ ಅದು. ಸಿಮೆನೋನ್ ಈ ದಿನವನ್ನು ಸುಮ್ಮನೆ ಆರಿಸಿಕೊಳ್ಳಲಿಲ್ಲ. ಕೊಲೆಗಾರ ಆರಿಸಿಕೊಂಡ ದಿನವೂ ಹೌದು, ಸತ್ತ ತಂದೆಯ ಊರಿಗೆ ಮಗ ಕಾಲಿಡುವ ದಿನವೂ ಹೌದು.

ಕತ್ತಲಲ್ಲಿ ನಡೆದುಕೊಂಡು ಚರ್ಚಿಗೆ ಹೋಗುವ ಆ ಮೊದಲ ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೋ. ಅಲ್ಲಿ ಚಳಿ ಒಂದು ವರ್ಣನೆಯಾಗಿ ಬರುವುದಿಲ್ಲ. ತಣ್ಣೀರು ಮುಖಕ್ಕೆ ತಾಗುತ್ತದೆ, ಹೆಪ್ಪುಗಟ್ಟಿದ ನೆಲ ಬೂಟಿನ ಕೆಳಗೆ ಗಟ್ಟಿಯಾಗಿ ಸಿಗುತ್ತದೆ, ಚರ್ಚಿನ ಒಳಗೆ ಮೇಣದ ಬತ್ತಿಯ ಬೆಳಕಿದೆ, ಬಿಸಿಯಿಲ್ಲ. ಬೆರಳೆಣಿಕೆಯ ಜನ. ಸಿಮೆನೋನ್‌ಗೆ ಇದು ಊಹೆಯಲ್ಲ. 1903ರಲ್ಲಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಬವಿಯೇರ್ ಎಂಬ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಪೂಜೆಗೆ ನೆರವಾಗುತ್ತಿದ್ದರು. ಬೆಳಕು ಹರಿಯುವ ಮುಂಚೆ ಎದ್ದು, ಖಾಲಿ ಬೀದಿಗಳಲ್ಲಿ ಒಬ್ಬನೇ ಹೆದರುತ್ತ ಹೋಗುವ ಹುಡುಗನ ನೆನಪು ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದೆ ಒಂದು ಮೇಗ್ರೆ ಕತೆಯನ್ನು ಅಂಥ ಹುಡುಗನ ಸಾಕ್ಷ್ಯದ ಮೇಲೆಯೇ ಕಟ್ಟಿದರು. ವಿಚಿತ್ರವೆಂದರೆ, ಚಳಿಯಲ್ಲಿ ಅದ್ದಿ ತೆಗೆದಂಥ ಈ ಕಾದಂಬರಿಯನ್ನು ಅವರು ಬರೆದದ್ದು ಮೆಡಿಟರೇನಿಯನ್ ಸಮುದ್ರದ ದಂಡೆಯ ಆಂತೀಬ್‌ನಲ್ಲಿ ಕುಳಿತು, 1932ರ ಜನವರಿಯಲ್ಲಿ.

ಪೂಜೆ ನಡೆಯುತ್ತದೆ. ಮೇಗ್ರೆ ಎಲ್ಲರನ್ನೂ ನೋಡುತ್ತ ಕೂತಿದ್ದಾನೆ. ಊರೊಡತಿ, ಸಾಂ-ಫಿಯಾಕ್ರ್‌ನ ಕೌಂಟೆಸ್, ತನ್ನ ಜಾಗದಲ್ಲಿ ಮಂಡಿಯೂರಿ, ಕೈಗಳಲ್ಲಿ ಮುಖ ಹುದುಗಿಸಿದ್ದಾಳೆ. ಯಾರೂ ಅವಳ ಹತ್ತಿರ ಹೋಗಲಿಲ್ಲ. ಗುಂಡಿನ ಸದ್ದಿಲ್ಲ, ಚೀರಾಟವಿಲ್ಲ. ಪೂಜೆ ಮುಗಿದು ಜನ ಎದ್ದು ಹೋಗುತ್ತಾರೆ, ಅವಳು ಏಳುವುದಿಲ್ಲ. ಮೇಗ್ರೆ ಹೋಗಿ ಹೆಗಲು ಮುಟ್ಟುತ್ತಾನೆ. ದೇಹ ಹೊರಳಿ ನೆಲಕ್ಕೆ ಬೀಳುತ್ತದೆ. ಡಾಕ್ಟರು ಬಂದು ನೋಡಿದರೆ ಮೈಮೇಲೆ ಒಂದು ಗೀರೂ ಇಲ್ಲ. ಮೊದಲೇ ಬಲವಿಲ್ಲದ ಹೃದಯ, ನಿಂತುಹೋಗಿದೆ.

ಚೀಟಿ ಸುಳ್ಳು ಹೇಳಲಿಲ್ಲ. ಅಪರಾಧ ನಡೆಯಿತು, ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿಯ ಕಣ್ಣೆದುರೇ ನಡೆಯಿತು. ಅವನಿಗೆ ಏನೂ ಕಾಣಿಸಲಿಲ್ಲ.

ಕೊಂದದ್ದು ಏನು ಎಂಬುದು ಕಾದಂಬರಿಯ ಆರಂಭದ ಅಧ್ಯಾಯಗಳಲ್ಲೇ ಗೊತ್ತಾಗುವುದರಿಂದ ಅದನ್ನು ಹೇಳಿದರೆ ಓದಿನ ಸುಖ ಕೆಡುವುದಿಲ್ಲ. ಅವಳ ಪೂಜಾ ಪುಸ್ತಕ ಕಾಣೆಯಾಗಿತ್ತು. ಅದು ಸಿಕ್ಕಾಗ ಅದರ ಹಾಳೆಗಳ ನಡುವೆ ಪತ್ರಿಕೆಯ ಒಂದು ತುಣುಕು ಇತ್ತು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅವಳ ಒಬ್ಬನೇ ಮಗ ಮೋರಿಸ್, ತಾಯಿಯ ನಡತೆಗೆ ನಾಚಿ ಪ್ಯಾರಿಸ್ಸಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ ಎಂಬ ಸುದ್ದಿ ಅದರಲ್ಲಿತ್ತು. ಸುದ್ದಿ ಸುಳ್ಳು, ಪತ್ರಿಕೆಯಂತೆ ಅಚ್ಚು ಹಾಕಿಸಿದ್ದು. ಪ್ರಾರ್ಥನೆಗೆಂದು ಪುಸ್ತಕ ತೆರೆದ ತಾಯಿ ಅದನ್ನು ಓದಿದಳು. ಅಷ್ಟೇ. ಯಾವ ನ್ಯಾಯಾಲಯ ಇದನ್ನು ಕೊಲೆ ಎನ್ನುತ್ತದೆ? ಯಾವ ಕಲಮಿನ ಕೆಳಗೆ? ಸುಳ್ಳು ಸುದ್ದಿ ಅಚ್ಚು ಹಾಕಿಸಿದ್ದಕ್ಕೆ ಏನೋ ಒಂದು ಸಣ್ಣ ಶಿಕ್ಷೆಯಾಗಬಹುದು. ಕಾನೂನಿನ ಕೈಗೆ ಸಿಗದ, ಆದರೆ ಕೊಲೆಯೇ ಆದ ಒಂದು ಕೊಲೆಯನ್ನು ಸಿಮೆನೋನ್ ತಮ್ಮ ಪೊಲೀಸನ ಮುಂದೆ ಇಟ್ಟರು. ಅದೂ ಅವನ ಸ್ವಂತ ಊರಿನಲ್ಲಿ.

ಪತ್ತೇದಾರಿ ಕತೆ ಎಂದರೆ ನಮಗೆ ಒಂದು ಅಭ್ಯಾಸವಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದುವ ರುಚಿ ಹಿಡಿಸಿಕೊಂಡ ಒಂದು ತಲೆಮಾರೇ ನಮ್ಮಲ್ಲಿದೆ. ಬಾಡಿಗೆ ಪುಸ್ತಕದಂಗಡಿಗಳಿಂದ ಒಂದು ರಾತ್ರಿಗೆ ತಂದು ಓದಿ ಬೆಳಿಗ್ಗೆ ಹಿಂತಿರುಗಿಸಿದವರು. ಆ ಓದಿನ ಋಣ ದೊಡ್ಡದು, ಅದನ್ನು ಕಡಿಮೆ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಪತ್ತೇದಾರ ಎಂದರೆ ಎಲ್ಲಿಂದಲೋ ಬರುವವನು, ಗಂಟು ಬಿಡಿಸಿ ಹೊರಟುಹೋಗುವವನು ಎಂಬುದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಷರ್ಲಾಕ್ ಹೋಮ್ಸ್‌ನ ತಂದೆಯ ಹೆಸರೇನೆಂದು ಕಾನನ್ ಡಾಯ್ಲ್ ಎಲ್ಲೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಪ್ಪನಿಲ್ಲದವನು ಪತ್ತೇದಾರ.

ಮೇಗ್ರೆಗೆ ಈ ಕಾದಂಬರಿಯಲ್ಲಿ ಅಪ್ಪ ಸಿಕ್ಕಿದ. ಎವರಿಸ್ಟ್ ಮೇಗ್ರೆ. ಸಾಂ-ಫಿಯಾಕ್ರ್‌ನ ಆ ದೊಡ್ಡ ಮನೆಯ ಜಮೀನುಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವನು. ಫ್ರೆಂಚ್‌ನಲ್ಲಿ ‘ರೆಜಿಸ್ಸರ್’ ಎನ್ನುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಅದು ಮ್ಯಾನೇಜರನೋ ಸ್ಟುವರ್ಡನೋ ಆಗಿ ಸಪ್ಪೆಯಾಗುತ್ತದೆ. ನಮ್ಮಲ್ಲಿ ಇದಕ್ಕೆ ಅಚ್ಚುಕಟ್ಟಾದ ಮಾತಿದೆ: ಪಾರುಪತ್ಯಗಾರ. ಜಮೀನು ತನ್ನದಲ್ಲ, ಆದರೆ ಅದರ ಪ್ರತಿ ಗುಂಟೆಯೂ ಅವನ ತಲೆಯಲ್ಲಿದೆ. ಒಕ್ಕಲುಗಳ ಮುಂದೆ ಅವನು ಯಜಮಾನ, ಯಜಮಾನನ ಮುಂದೆ ಅವನು ಆಳು. ಊಟ ಯಾವ ಪಂಕ್ತಿಯಲ್ಲಿ ಎಂಬುದು ಎಂದೂ ತೀರ್ಮಾನವಾಗದ ಮನುಷ್ಯ. ಅಂಥವನ ಮಗ ದೊಡ್ಡಮನೆಯ ಅಂಗಳದಲ್ಲಿ ಆಡುತ್ತಾನೆ, ಜಗಲಿ ಹತ್ತುವಾಗ ಮಾತ್ರ ಟೋಪಿ ಕೈಗೆ ತೆಗೆದುಕೊಳ್ಳುತ್ತಾನೆ. ಈ ಒಂದು ಶಬ್ದ ಕನ್ನಡದಲ್ಲಿ ಸಿಕ್ಕ ಕ್ಷಣ ನನಗೆ ಕಾದಂಬರಿಯ ಅರ್ಧ ಬಾಗಿಲು ತೆರೆದಂತಾಯಿತು.

ಹೋಟೆಲು ನಡೆಸುವವಳು ಮರಿ ತಾತಾಂ. ಮೇಗ್ರೆಗೆ ಅವಳ ನೆನಪಿದೆ. ಮಕ್ಕಳೆಲ್ಲ ಸೇರಿ ಗೋಳು ಹೊಯ್ದುಕೊಳ್ಳುತ್ತಿದ್ದ ಮೆಳ್ಳೆಗಣ್ಣಿನ ಹುಡುಗಿ. ಮೊದಲ ಅಧ್ಯಾಯದ ಹೆಸರೇ ಆ ಮೆಳ್ಳೆಗಣ್ಣಿನ ಹುಡುಗಿಯದು. ಅವಳಿಗೆ ಮಾತ್ರ ಇವನ ಗುರುತು ಹತ್ತುವುದಿಲ್ಲ. ಪೊಲೀಸ್ ಅಧಿಕಾರಿಯೆಂದು ಮರ್ಯಾದೆಯಿಂದ, ಹೆದರಿಕೆಯಿಂದ ನೋಡಿಕೊಳ್ಳುತ್ತಾಳೆ. ಇವನು ಯಾರೆಂದು ತಿಳಿದ ಮೇಲೆ ಅವಳಿಗೆ ಹೊಳೆಯುವುದು ಕಮಿಸೇರ್ ಅಲ್ಲ, ಪಾರುಪತ್ಯಗಾರನ ಮಗ. ಎಷ್ಟು ದೊಡ್ಡ ಕೆಲಸದಲ್ಲಿದ್ದರೂ ಊರಿನ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ, ಕಟ್ಟೆಯ ಮೇಲೆ ಕೂತ ಮುದುಕರು ಕಣ್ಣಿಗೆ ಕೈ ಅಡ್ಡ ಹಿಡಿದು ‘ಯಾರ ಮಗ ನೀನು?’ ಎಂದು ಕೇಳುತ್ತಾರಲ್ಲ, ಅದನ್ನು ಅನುಭವಿಸಿದ ಯಾರಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಪ್ರತಿ ಸಲವೂ ಅಪ್ಪನ ಹೆಸರು ಹೇಳಿದ ಮೇಲೆಯೇ ದಾರಿ ಬಿಟ್ಟಿದ್ದಾರೆ.

ಅವನು ಸ್ಮಶಾನಕ್ಕೂ ಹೋಗುತ್ತಾನೆ. ತಂದೆಯ ಸಮಾಧಿ, ಕಲ್ಲಿನ ಮೇಲೆ ಹೆಸರು. ಅಲ್ಲಿ ಸಿಮೆನೋನ್ ಕಣ್ಣೀರು ಹಾಕಿಸುವುದಿಲ್ಲ, ಭಾಷಣ ಮಾಡಿಸುವುದಿಲ್ಲ. ಪೈಪು ಸೇದುವ ಮನುಷ್ಯ ಹಾಗೆಯೇ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಅಷ್ಟೇ. ಹುಟ್ಟಿ ಬೆಳೆದ ಮನೆಯಲ್ಲಿ ಈಗ ಬೇರೆ ಪಾರುಪತ್ಯಗಾರನಿದ್ದಾನೆ: ಗೋತಿಯೇ. ಅವನಿಗೂ ಒಬ್ಬ ಮಗನಿದ್ದಾನೆ. ಮೇಗ್ರೆಯ ಹಾಗೆಯೇ ಊರು ಬಿಟ್ಟು ಪಟ್ಟಣ ಸೇರಿ, ಮೂಲಾಂನ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಚುರುಕಿನ ಹುಡುಗ. ಮೇಗ್ರೆ ಆ ಮನೆಯ ಹೊಸ್ತಿಲು ದಾಟುವಾಗ ತಾನು ಆಗಬಹುದಾಗಿದ್ದ ಬದುಕೊಂದು ಅಲ್ಲಿ ಕೂತಿರುತ್ತದೆ. ಅಪರಾಧಿ ಯಾರೆಂದು ನಾನು ಇಲ್ಲಿ ಹೇಳುವುದಿಲ್ಲ, ಓದುವವರ ಪಾಲನ್ನು ಕಸಿದುಕೊಳ್ಳಬಾರದು. ಆದರೆ ಕೊನೆಯ ಪುಟ ಮುಚ್ಚಿದ ಮೇಲೆ ಆ ಹೊಸ್ತಿಲಿನ ದೃಶ್ಯಕ್ಕೆ ಒಮ್ಮೆ ಹಿಂದಿರುಗಿ ಬನ್ನಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಈ ಪಾರುಪತ್ಯಗಾರ ಸಿಮೆನೋನ್‌ಗೆ ಸಿಕ್ಕಿದ್ದೂ ನಿಜ ಬದುಕಿನಲ್ಲೇ. 1922ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿಗೆ ಬಂದ ಹತ್ತೊಂಬತ್ತರ ಹುಡುಗ ಮರುವರ್ಷ ಮಾರ್ಕ್ವಿಸ್ ದ ತ್ರಾಸಿ ಎಂಬ ಶ್ರೀಮಂತರ ಕಾರ್ಯದರ್ಶಿಯಾಗಿ ಸೇರಿಕೊಂಡ. ಮೂಲಾಂನಿಂದ ಹೆಚ್ಚು ದೂರವಿಲ್ಲದ ಪಾರೆ-ಲ-ಫ್ರೆಜಿಲ್ ಎಂಬ ಊರಿನಲ್ಲಿ ಅವರಿಗೆ ದೊಡ್ಡ ಮನೆ, ಜಮೀನು ಇದ್ದವು. ಅಲ್ಲಿನ ಪಾರುಪತ್ಯಗಾರ ಪಿಯೇರ್ ತಾರ್ದಿವೋಂ ಈ ಹುಡುಗನ ಮನಸ್ಸಿನಲ್ಲಿ ಉಳಿದುಬಿಟ್ಟ. ಅವನೇ ಮುಂದೆ ಎವರಿಸ್ಟ್ ಮೇಗ್ರೆಯಾದ. ಕಾದಂಬರಿಯ ಸಾಂ-ಫಿಯಾಕ್ರ್ ಕಲ್ಪನೆಯ ಊರು, ಆದರೆ ಅದರ ಕಲ್ಲು, ಕೆರೆ, ಚರ್ಚುಗಳೆಲ್ಲ ಪಾರೆ-ಲ-ಫ್ರೆಜಿಲ್‌ನವು.

ಇನ್ನೊಬ್ಬ ತಂದೆಯೂ ಇದರೊಳಗೆ ಇದ್ದಾನೆ ಎಂದು ನನಗೆ ತೋರುತ್ತದೆ. ಸಿಮೆನೋನ್‌ರ ತಂದೆ ದೆಜಿರೆ, ಲಿಯೇಜ್‌ನ ವಿಮಾ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ಮೆತ್ತನೆಯ ಮನುಷ್ಯ. 1921ರಲ್ಲಿ, 44ನೇ ವಯಸ್ಸಿಗೆ, ಹೃದಯ ಕೈಕೊಟ್ಟು ತೀರಿಕೊಂಡರು. ಮಗನಿಗೆ ಆಗ ಹದಿನೆಂಟು. ಮೇಗ್ರೆಯ ನಿಧಾನಕ್ಕೆ, ಯಾರನ್ನೂ ತಟ್ಟನೆ ಕೀಳಾಗಿ ಕಾಣದ ಅವನ ಸ್ವಭಾವಕ್ಕೆ ತಂದೆಯೇ ಮಾದರಿ ಎಂದು ಸಿಮೆನೋನ್ ಮುಂದೆ ಹೇಳಿಕೊಂಡರು. ಲೆಕ್ಕದ ಪುಸ್ತಕ ಇಟ್ಟವನ ಮಗ, ಲೆಕ್ಕದ ಪುಸ್ತಕ ಇಟ್ಟವನ ಮಗನ ಕತೆ ಬರೆದ.

ಸಾಂ-ಫಿಯಾಕ್ರ್‌ನಲ್ಲಿ ಮೇಗ್ರೆಗೆ ಅತಿ ದೊಡ್ಡ ಪೆಟ್ಟು ಬೀಳುವುದು ಸಾವಿನಿಂದಲ್ಲ. ಅವನು ಹುಡುಗನಾಗಿದ್ದಾಗ ಕೌಂಟೆಸ್ ಯುವತಿ. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಬೇಸರದ ಮುಖದವಳು. ಪಾರುಪತ್ಯಗಾರನ ಮಗನಿಗೆ ಜಗತ್ತಿನ ಸೊಬಗು, ಒಳ್ಳೆಯತನ ಎಲ್ಲ ಸೇರಿ ಒಂದು ಹೆಣ್ಣಾಗಿದ್ದರೆ ಅದು ಅವಳು. ಅಂಥ ಮನೆಯ ಕಾರ್ಯದರ್ಶಿಯ ಕೋಣೆಯಲ್ಲಿ ಈಗ ಜಾನ್ ಮೆತಾಯೇ ಎಂಬ ಯುವಕ. ಕಾರ್ಯದರ್ಶಿ ಎನ್ನುವುದು ಮಾತಿಗೆ. ಊರಿಗೆಲ್ಲ ಗೊತ್ತಿರುವ ಸಂಗತಿ ಬೇರೆ. ಅವನಿಗಿಂತ ಮುಂಚೆ ಬೇರೆಯವರೂ ಇದ್ದರು. ಮಗ ಮೋರಿಸ್ ಪ್ಯಾರಿಸ್ಸಿನಲ್ಲಿ ದುಡ್ಡು ಸುರಿದು, ಖಾತೆಯಲ್ಲಿ ಇಲ್ಲದ ಹಣಕ್ಕೆ ಚೆಕ್ಕು ಬರೆದು, ತಾಯಿಯಿಂದ ಕೇಳಿ ತರೋಣವೆಂದು ಊರಿಗೆ ಬಂದಿದ್ದಾನೆ. ಜಮೀನು ತುಂಡುತುಂಡಾಗಿ ಹೋಗಿದೆ. ಡಾಕ್ಟರಿಗೆ ಬೇಟೆ, ಹೆಂಡ. ಪಾದ್ರಿ ಎಳೆಯ ಪ್ರಾಯದ ಕಟ್ಟುನಿಟ್ಟಿನವರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಹೇಳದೆ ಒಳಗೇ ಬೇಯುತ್ತಾರೆ. ಇವರಲ್ಲಿ ಯಾರು ಬೇಕಾದರೂ ಆ ತುಣುಕನ್ನು ಪುಸ್ತಕದಲ್ಲಿ ಇಟ್ಟಿರಬಹುದು.

ಮೇಗ್ರೆ ಇವರನ್ನೆಲ್ಲ ವಿಚಾರಣೆಗೆ ಹಚ್ಚುವ ಬದಲು ಸುಮ್ಮನೆ ಓಡಾಡುತ್ತಾನೆ. ಅವನಿಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಅವನಿಗೇ ತಿಳಿಯದು. ಇಲ್ಲಿ ನನ್ನ ಕೆಲವು ಗೆಳೆಯರು ಕಾದಂಬರಿ ಬಿಡುತ್ತಾರೆ: ಪತ್ತೇದಾರ ಪತ್ತೆ ಮಾಡುತ್ತಿಲ್ಲ ಎಂಬ ತಕರಾರು. ನಾನು ಇದೇ ಕಾರಣಕ್ಕೆ ಓದುತ್ತೇನೆ. ದೊಡ್ಡಮನೆಯ ಒಳಗೆ ನಿಂತಾಗ ಅವನ ಬಾಯಿ ಕಟ್ಟುತ್ತದೆ. ಅಧಿಕಾರ ಅವನ ಕೈಯಲ್ಲಿದೆ, ಆದರೂ ಇದು ಅಪ್ಪ ತಲೆಬಾಗಿ ನಿಂತಿದ್ದ ಮನೆ. ಇಲ್ಲಿನ ಕೊಳಕನ್ನು ಎತ್ತಿ ಹೊರಗೆ ಹಾಕುವುದು ಎಂದರೆ ಅಪ್ಪನ ಮೂವತ್ತು ವರ್ಷದ ದುಡಿಮೆಯನ್ನು ಸಂತೆಯಲ್ಲಿ ಬಿಚ್ಚಿದ ಹಾಗೆ.

ಕೊನೆಯ ಭಾಗಕ್ಕೆ ಸಿಮೆನೋನ್ ವಾಲ್ಟರ್ ಸ್ಕಾಟ್‌ನ ಹೆಸರನ್ನು ಅಧ್ಯಾಯದ ತಲೆಬರಹದಲ್ಲೇ ತಂದಿದ್ದಾರೆ. ಮಹಡಿಯ ಮೇಲೆ ತಾಯಿಯ ದೇಹ. ಕೆಳಗೆ ಮಗ ಎಲ್ಲರನ್ನೂ ಊಟಕ್ಕೆ ಕರೆದಿದ್ದಾನೆ: ಪಾದ್ರಿ, ಡಾಕ್ಟರು, ಪಾರುಪತ್ಯಗಾರ ಮತ್ತು ಅವನ ಮಗ, ಕಾರ್ಯದರ್ಶಿ, ಅವನ ವಕೀಲ, ಮೇಗ್ರೆ. ಮೋರಿಸ್ ಮೇಜಿನ ಮೇಲೆ ಒಂದು ರಿವಾಲ್ವರ್ ಇಡುತ್ತಾನೆ. ತನ್ನ ತಾಯಿಯನ್ನು ಕೊಂದವನು ಈ ಮೇಜಿನ ಸುತ್ತ ಇದ್ದಾನೆ, ನಡುರಾತ್ರಿಯೊಳಗೆ ಅವನು ಸಾಯುತ್ತಾನೆ ಎಂದು ಹೇಳುತ್ತಾನೆ. ಗಡಿಯಾರದ ಮುಳ್ಳು ಹನ್ನೆರಡರ ಕಡೆಗೆ ಸರಿಯುತ್ತದೆ. ಅವನು ಒಬ್ಬೊಬ್ಬರ ಮೇಲೆ ಆರೋಪ ಹೊರಿಸುತ್ತ ಹೋಗುತ್ತಾನೆ, ತನ್ನನ್ನೂ ಬಿಡುವುದಿಲ್ಲ. ಆ ಊಟದ ಮನೆಯಲ್ಲಿ ಮೇಗ್ರೆ ಬರೀ ನೋಡುವವನು. ದುಡ್ಡು ಹಾಳುಮಾಡಿದ, ಯಾರೂ ಲೆಕ್ಕಕ್ಕಿಡದ ಮಗ ಆ ಒಂದು ರಾತ್ರಿ ಮನೆತನದ ಯಜಮಾನನಾಗಿ ಎದ್ದು ನಿಲ್ಲುತ್ತಾನೆ. ಮೇಗ್ರೆಗೆ ಅದು ಅರ್ಥವಾಗುತ್ತದೆ. ಇದು ನನ್ನ ಕೇಸು ಎಂದು ಅವನು ನಡುವೆ ಬಾಯಿ ಹಾಕುವುದಿಲ್ಲ.

1959ರಲ್ಲಿ ಜಾನ್ ದಲಾನ್ವಾ ಇದನ್ನು ಸಿನಿಮಾ ಮಾಡಿದರು. ಮೇಗ್ರೆಯಾಗಿ ಜಾನ್ ಗಾಬಾಂ. ಫ್ರಾನ್ಸಿನ ಅಷ್ಟು ದೊಡ್ಡ ನಟ ಕೊನೆಯ ದೃಶ್ಯದಲ್ಲಿ ಸುಮ್ಮನೆ ಕೂತಿರುವುದನ್ನು ಸಿನಿಮಾ ಒಪ್ಪಲಿಲ್ಲ. ಅಲ್ಲಿ ಎಲ್ಲರನ್ನೂ ಕೂರಿಸಿ, ಕೊಳಕನ್ನೆಲ್ಲ ಮುಖಕ್ಕೆ ಎಸೆಯುವವನು ಮೇಗ್ರೆಯೇ. ಗಾಬಾಂ ಆ ಮಾತುಗಳನ್ನು ಆಡುವ ರೀತಿ ಅದ್ಭುತ, ಅದನ್ನು ನೋಡಬೇಡಿ ಎಂದು ಹೇಳಲಾರೆ. ಆದರೆ ಆ ಒಂದು ಬದಲಾವಣೆಯಿಂದ ಕತೆಯ ಬೇರು ಕಿತ್ತುಹೋಯಿತು. ಗೆದ್ದ ಮೇಗ್ರೆ ಪಾರುಪತ್ಯಗಾರನ ಮಗನಾಗಿ ಉಳಿಯುವುದಿಲ್ಲ.

ಹೀಗೆ ನಾಯಕನನ್ನು ಸೋಲಿಸಿ ಒಂದು ಸರಣಿ ನಡೆಸಬಹುದು ಎಂದು ಆಗ ಯಾರೂ ನಂಬಿರಲಿಲ್ಲ. ಪ್ರಕಾಶಕ ಫಾಯಾರ್ ಮೊದಲ ಹಸ್ತಪ್ರತಿಗಳನ್ನು ಓದಿ ತಲೆಯಾಡಿಸಿದರೆಂದು ಸಿಮೆನೋನ್ ಮುಂದೆ ನೆನಪಿಸಿಕೊಂಡರು: ನಿಜವಾದ ಒಗಟಿಲ್ಲ, ಪ್ರೇಮಕತೆಯಿಲ್ಲ, ಪೂರ್ತಿ ಒಳ್ಳೆಯವರೂ ಪೂರ್ತಿ ಕೆಟ್ಟವರೂ ಇಲ್ಲ, ಮದುವೆಯಲ್ಲಿ ಮುಗಿಯುವುದೂ ಇಲ್ಲ. ಆದರೂ 1931ರ ಫೆಬ್ರುವರಿ 20ರ ರಾತ್ರಿ ಪ್ಯಾರಿಸ್ಸಿನ ಮೊಂಪಾರ್ನಾಸ್‌ನ ಒಂದು ನೈಟ್‌ಕ್ಲಬ್ಬಿನಲ್ಲಿ ಪುಸ್ತಕ ಬಿಡುಗಡೆ ನಡೆಯಿತು. ಆಹ್ವಾನಪತ್ರ ಪೊಲೀಸ್ ಕಡತದ ಮಾದರಿಯಲ್ಲಿ, ಬಂದವರ ಬೆರಳಚ್ಚು ಬಾಗಿಲಲ್ಲೇ. ಮರುದಿನ ಪ್ಯಾರಿಸ್ಸಿಗೆಲ್ಲ ಮೇಗ್ರೆ ಗೊತ್ತು. ಅಲ್ಲಿಂದ ವರ್ಷವೊಂದರೊಳಗೆ ಬಂದದ್ದು ಸಾಂ-ಫಿಯಾಕ್ರ್.

ವೇಗ ಎಂದರೆ ಇವರ ವೇಗವೇ. ಒಂದು ದಿನಕ್ಕೆ ಒಂದು ಅಧ್ಯಾಯ, ಹತ್ತು ಹನ್ನೊಂದು ದಿನಕ್ಕೆ ಒಂದು ಕಾದಂಬರಿ. ಬರೆಯುವ ಮುಂಚೆ ಹಳದಿ ಲಕೋಟೆಯ ಹಿಂದೆ ಪಾತ್ರಗಳ ಹೆಸರು, ವಯಸ್ಸು, ಮನೆಯವರು, ವಿಳಾಸ ಎಲ್ಲ ಗೀಚಿಕೊಳ್ಳುವುದು; ಹೆಸರುಗಳಿಗೆ ಟೆಲಿಫೋನ್ ಡೈರೆಕ್ಟರಿ. ಕತೆ ಏನೆಂದು ಮೊದಲೇ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಪ್ಯಾರಿಸ್ಸಿಗೆ ಬಂದ ಹೊಸದರಲ್ಲಿ ‘ಲ ಮಾತಾಂ’ ಪತ್ರಿಕೆಗೆ ಕತೆ ಒಯ್ದಾಗ ಅಲ್ಲಿ ಸಾಹಿತ್ಯ ವಿಭಾಗ ನೋಡಿಕೊಂಡಿದ್ದವರು ಲೇಖಕಿ ಕೊಲೆತ್. ಇದರಲ್ಲಿ ಸಾಹಿತ್ಯ ಜಾಸ್ತಿಯಾಯಿತು, ಅದನ್ನು ತೆಗೆದು ತಾ ಎಂದು ಅವರು ಕತೆಗಳನ್ನು ವಾಪಸು ಕೊಟ್ಟರು. ಅದನ್ನು ಆ ಹುಡುಗ ಬದುಕಿರುವವರೆಗೂ ಮರೆಯಲಿಲ್ಲ. ಮೇಜು, ಮಳೆ, ಬೂಟು, ಒಲೆ, ಸೂಪು: ಕೈಗೆ ತಾಗುವ ಮಾತುಗಳು. ವಿಶೇಷಣಗಳನ್ನು ಹುಡುಕಿ ಹುಡುಕಿ ಹೊಡೆದುಹಾಕುತ್ತಿದ್ದರು. ಹಾಗಾಗಿಯೇ ಇರಬೇಕು, ಎರಡು ಭಾಷೆ ದಾಟಿ ಬಂದು ಓದಿದರೂ ಸಾಂ-ಫಿಯಾಕ್ರ್‌ನ ಚಳಿ ಮೂಳೆಗೆ ತಾಗುತ್ತದೆ.

ಅಷ್ಟು ವೇಗದಲ್ಲಿ ಬರೆದವರು ಹಳೆಯದನ್ನು ತಾಳೆ ನೋಡುತ್ತ ಕೂರಲಿಲ್ಲ. ಮೇಗ್ರೆಯ ವಯಸ್ಸು ಪುಸ್ತಕದಿಂದ ಪುಸ್ತಕಕ್ಕೆ ಹಿಂದೆ ಮುಂದೆ ಜಿಗಿಯುತ್ತದೆ. 1934ರ ಒಂದು ಕಾದಂಬರಿಯಲ್ಲಿ ನಿವೃತ್ತನಾದವನು ಆಮೇಲೆ ಮತ್ತೆ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡುತ್ತಾನೆ. ಆದರೆ ಸಾಂ-ಫಿಯಾಕ್ರ್‌ನ ತಂದೆಯನ್ನು ಸಿಮೆನೋನ್ ಎಂದೂ ಕೈಬಿಡಲಿಲ್ಲ. 1951ರಲ್ಲಿ ಮೇಗ್ರೆಯೇ ಬರೆದಂತೆ ಬಂದ ‘ಮೇಗ್ರೆಯ ನೆನಪುಗಳು’ ಕಾದಂಬರಿಯಲ್ಲಿ ಆ ಬಾಲ್ಯ ಇನ್ನಷ್ಟು ತೆರೆದುಕೊಳ್ಳುತ್ತದೆ: ಹೆರಿಗೆಯ ಹೊತ್ತಿನಲ್ಲಿ ತಾಯಿಯ ಸಾವು, ಕುಡುಕ ಡಾಕ್ಟರು, ಹೆಂಡತಿಯ ಸಾವಿನ ನಂತರವೂ ಆ ಡಾಕ್ಟರನ ಮೇಲೆ ಹಗೆ ಇಟ್ಟುಕೊಳ್ಳದ ತಂದೆ. ಮೇಗ್ರೆ ನಾಂತ್‌ನಲ್ಲಿ ವೈದ್ಯಕೀಯ ಓದಲು ಸೇರಿದವನು; ತಂದೆ ತೀರಿಕೊಂಡಾಗ ಓದು ಅಲ್ಲಿಗೇ ನಿಂತಿತು. ಡಾಕ್ಟರನೂ ಆಗಿ ಪಾದ್ರಿಯೂ ಆಗಿ, ಹಾದಿ ತಪ್ಪಿದವರ ಬದುಕನ್ನು ರಿಪೇರಿ ಮಾಡುವ ಒಂದು ಕೆಲಸ ಇರಬೇಕಿತ್ತು ಎಂದು ಹುಡುಗನಾಗಿದ್ದಾಗ ಅವನಿಗೆ ಅನ್ನಿಸುತ್ತಿತ್ತಂತೆ.

ಪ್ಯಾರಿಸ್ಸಿನ ಸೇನ್ ನದಿಯ ದಂಡೆಯಲ್ಲಿ, ‘ಅಕ್ಕಸಾಲಿಗರ ದಂಡೆ’ ಎಂಬ ಅರ್ಥದ ಹೆಸರಿನ ಬೀದಿಯ 36ನೇ ನಂಬರಿನ ಕಟ್ಟಡದಲ್ಲಿ ಅವನ ಕಚೇರಿ. ಅಲ್ಲಿನ ನಿಜವಾದ ಪತ್ತೇದಾರಿ ಪೊಲೀಸರು 2017ರಲ್ಲಿ ಬೇರೆ ಕಟ್ಟಡಕ್ಕೆ ಹೋದಾಗ, ಹೊಸ ಬೀದಿಯಲ್ಲೂ ಮನೆ ನಂಬರು 36 ಆಗಿರುವಂತೆ ನೋಡಿಕೊಂಡರು. ಆ ಕಚೇರಿಯ ಕುರ್ಚಿಯಲ್ಲಿ ಮೇಗ್ರೆ ಎದುರು ಕೂತವರು ಕಳ್ಳರು, ಬಾಗಿಲು ಕಾಯುವ ಹೆಂಗಸರು, ಕಟುಕರು, ಸೂಳೆಯರು, ಗುಮಾಸ್ತರು. ಅವರ ಮುಂದೆ ಅವನು ಹಾಯಾಗಿರುತ್ತಾನೆ. ಬಿಯರು, ಸ್ಯಾಂಡ್‌ವಿಚ್ ತರಿಸುತ್ತಾನೆ, ಕೇಳುತ್ತಾನೆ. ದೊಡ್ಡ ಮನೆತನದವರು ಎದುರಾದರೆ ಮಾತ್ರ ಹೆಗಲು ಬಿಗಿಯುತ್ತವೆ. 1960ರ ‘ಮೇಗ್ರೆ ಮತ್ತು ಮುದುಕರು’ ಕಾದಂಬರಿಯಲ್ಲಿ ಹಳೆಯ ರಾಯಭಾರಿಯೊಬ್ಬನ ಸಾವಿನ ಬೆನ್ನು ಹತ್ತಿ ವಯಸ್ಸಾದ ಶ್ರೀಮಂತರ ಮನೆಗಳಿಗೆ ಹೋಗುವಾಗ ಅವನಿಗೆ ಕಾಲು ಎಳೆಯುತ್ತದೆ, ಸಾಂ-ಫಿಯಾಕ್ರ್ ನೆನಪಾಗುತ್ತದೆ. ಅಷ್ಟೊಂದು ಕೇಸುಗಳ ನಂತರವೂ ಅವನು ಆ ಜಗಲಿಯ ಕೆಳಗೆ ಟೋಪಿ ಹಿಡಿದು ನಿಂತ ಹುಡುಗ. ಸರಣಿಯ ಬೇರೆ ಯಾವ ಪುಸ್ತಕ ಓದುವಾಗಲೂ ನಾನು ಆ ಹುಡುಗನನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದುತ್ತೇನೆ. ಅವನು ಜೊತೆಗಿದ್ದರೆ ಮೇಗ್ರೆ ಯಾಕೆ ಯಾರ ಮೇಲೂ ತೀರ್ಪು ಕೊಡುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಒಂದು ಸಂಗತಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಆ ಪೂಜಾ ಪುಸ್ತಕ ಎಲ್ಲಿ ಹೋಗಿತ್ತು?

ತೆಗೆದುಕೊಂಡವನು ಅರ್ನೆಸ್ಟ್, ಪೂಜೆಗೆ ನೆರವಾಗುತ್ತಿದ್ದ ಹುಡುಗ. ಅವನಿಗೆ ಕೊಲೆಯ ಗೊಡವೆಯಿಲ್ಲ, ಪತ್ರಿಕೆಯ ತುಣುಕಿನ ಸುದ್ದಿಯೂ ಗೊತ್ತಿಲ್ಲ. ದಿನವೂ ಕೌಂಟೆಸ್‌ಳ ಕೈಯಲ್ಲಿ ನೋಡುತ್ತಿದ್ದ ಅಂಥ ಪುಸ್ತಕ ತನಗೂ ಬೇಕೆಂಬ ಆಸೆ. ಬೆಂಚಿನ ಮೇಲೆ ಅದು ಉಳಿದಿತ್ತು, ಎತ್ತಿಕೊಂಡ. ಹಳ್ಳಿಯಲ್ಲೆಲ್ಲ ಗದ್ದಲವೆದ್ದ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡ. ಮೇಗ್ರೆ ಅವನನ್ನು ಹಿಡಿದಾಗ ಗದರಿಸುವುದಿಲ್ಲ, ಬೈಯುವುದಿಲ್ಲ. ಆ ಬಿಳಿ ನಿಲುವಂಗಿ, ಥಂಡಿಗೆ ಕೆಂಪಾದ ಕೈ, ಬೇರೆಯವರ ಚೆಂದದ ವಸ್ತುವಿನ ಮೇಲೆ ನೆಟ್ಟ ಕಣ್ಣು, ಎಲ್ಲವೂ ಮೇಗ್ರೆಗೆ ಗೊತ್ತು. ಅವನೂ ಅದೇ ಜಾಗದಲ್ಲಿ ನಿಂತು ಬಂದವನು. ಹುಡುಗನ ಎದುರು ಬಗ್ಗಿ, ಆ ಪುಸ್ತಕ ಕೊಡು, ನಿನಗೆ ಹೊಸದೊಂದು ನಾನು ಕೊಡಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಹುಡುಗ ಅವನನ್ನು ಒಂದು ಸಲ ಅಳೆದು ನೋಡುತ್ತಾನೆ, ನಂಬಬಹುದೋ ಇಲ್ಲವೋ ಎಂದು.